ಎತ್ತರವನ್ನು ಎಟುಕಿಸುವ ವಿದ್ಯೆ

ಬಿಷಪ್ಪನ ಪೀಠವಿರುವ ಪ್ರಧಾನ ಚರ್ಚಿಗೆ ಕೆಥೆಡ್ರಲ್ ಎಂದು ಹೆಸರು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಇವನ್ನು ಕಟ್ಟಿಸಿದವರ ಮನಸ್ಸಿನಲ್ಲಿ ಎರಡು ಉದ್ದೇಶಗಳಿದ್ದುವು: ಒಳಗೆ ಕಾಲಿಟ್ಟವನು ದೇವರ ಮಹಿಮೆಯೆದುರು ತಾನೆಷ್ಟು ಅಲ್ಪನೆಂಬುದನ್ನು ಅರಿಯಬೇಕೆಂಬುದು ಒಂದು, ಅಕ್ಷರವರಿಯದ ಜನರು ಗೋಡೆಯ ಚಿತ್ರದಿಂದಲೂ ಗಾಜಿನ ಬಣ್ಣದಿಂದಲೂ ಕಲ್ಲಿನ ಕೆತ್ತನೆಯಿಂದಲೂ ಧರ್ಮಕಥೆಗಳನ್ನು ಕಲಿಯಬೇಕೆಂಬುದು ಇನ್ನೊಂದು. ಓದುಬಲ್ಲವರಿಗೆ ಗ್ರಂಥವು ಏನನ್ನು ಕೊಡುವುದೋ ಅದನ್ನೇ ಓದುಬಾರದವರಿಗೆ ಚಿತ್ರವು ಕೊಡುವುದೆಂಬ ಅಭಿಪ್ರಾಯವನ್ನು ಪೋಪ್ ಮೊದಲನೆಯ ಗ್ರೆಗರಿ ಕ್ರಿ.ಶ. 600ರ ಸುಮಾರಿನಲ್ಲಿಯೇ ಮಾರ್ಸೇಯ ಬಿಷಪ್ಪನಿಗೆ ಬರೆದು ತಿಳಿಸಿದ್ದನು. ಆದರೆ ಈ ಎರಡು ಉದ್ದೇಶಗಳು ಒಂದಕ್ಕೊಂದು ಅಡ್ಡ ಬರತಕ್ಕವು. ನೋಡುವವನಿಗೆ ತಾನು ಅಲ್ಪನೆನಿಸಬೇಕಾದರೆ ಕಟ್ಟಡವು ಉನ್ನತವಾಗಬೇಕು. ಉನ್ನತವಾದಷ್ಟೂ ಅದರ ಪಾಠವು ಕಣ್ಣಿಗೆ ದೂರವಾಗುತ್ತದೆ. ಇಂದು ಇಂಗ್ಲೆಂಡಿನ ಕೆಥೆಡ್ರಲುಗಳು ರಜೆಯ ದಿನಗಳಲ್ಲಿ ಮಕ್ಕಳನ್ನೂ ಹೆತ್ತವರನ್ನೂ ಒಟ್ಟಿಗೆ ಕರೆದು ನಡೆಸುವ ಕಲಿಕೆಯ ಕಾರ್ಯಕ್ರಮಗಳು, ಹೊರನೋಟಕ್ಕೆ ಬರಿಯ ವಿನೋದವೆಂಬಂತೆ ಕಂಡರೂ, ಈ ಹಳೆಯ ತೊಡಕನ್ನು ಬಿಡಿಸುವ ಪ್ರಯತ್ನಗಳೆಂದೇ ನನಗೆ ತೋರುತ್ತದೆ.

ನಾರಿಚ್ ನಗರದ ಕೆಥೆಡ್ರಲನ್ನು ನೋಡಿರಿ. 1096ರಲ್ಲಿ ಆರಂಭವಾದ ಈ ಕಟ್ಟಡದ ಚಾವಣಿಗಳಲ್ಲಿ, ಕಲ್ಲಿನ ಪಕ್ಕೆಲುಬುಗಳು ಬಂದು ಕೂಡುವ ಸಂಧಿಗಳಲ್ಲೆಲ್ಲ, ಕೆತ್ತಿ ಬಣ್ಣ ಬಳಿದ ಸಾವಿರಕ್ಕೂ ಹೆಚ್ಚು ಗುಬುಟುಗಳಿವೆ. ಜನ ಕೂಡುವ ನಡುಮಂಟಪದ ಮೇಲಿನವು ಜಗತ್ತಿನ ಸೃಷ್ಟಿಯಿಂದ ತೊಡಗಿ ಅಂತಿಮ ತೀರ್ಪಿನವರೆಗಿನ ಬೈಬಲ್ಲಿನ ಕಥೆಯನ್ನು ಅನುಕ್ರಮವಾಗಿ ನಿರೂಪಿಸುತ್ತವೆ. ಹದಿನೈದನೆಯ ಶತಮಾನದ ಶಿಲ್ಪಿಗಳು ಇಷ್ಟು ಶ್ರದ್ಧೆಯಿಂದ ರಚಿಸಿದ ಈ ಗ್ರಂಥವು ನೆಲದಿಂದ ಸುಮಾರು 70 ಅಡಿ ಮೇಲಿರುವುದರಿಂದ, ಕೆಳಗೆ ನಿಂತವನು ಕತ್ತು ನೋಯುವವರೆಗೆ ನೋಡಿದರೂ ಒಂದು ಪುಟವನ್ನೂ ಓದಲಾರನು. 2019ರ ಆಗಸ್ಟ್ ತಿಂಗಳಲ್ಲಿ ಅಲ್ಲಿನವರು ಜಾತ್ರೆಗಳಲ್ಲಿ ನಿಲ್ಲಿಸುವಂತಹ, 50 ಅಡಿಗೂ ಮಿಗಿಲಾದ ಸುರುಳಿ ಜಾರುಬಂಡೆಯೊಂದನ್ನು ತಂದು ನಡುಮಂಟಪದೊಳಗೇ ನಿಲ್ಲಿಸಿದರು. ಮೆಟ್ಟಿಲೇರಿ ಹೋದವರಿಗೆ ಚಾವಣಿಯ ಶಿಲ್ಪವು ಸಮೀಪವಾಯಿತು. ಇಳಿಯುವ ದಾರಿ ಮಕ್ಕಳಿಗೆ ಆಟವಾಯಿತು. ದೇವಾಲಯದ ಗಾಂಭೀರ್ಯಕ್ಕೆ ಇದರಿಂದ ಕುಂದು ಬಂದಿತೆಂದು ಧರ್ಮನಿಷ್ಠರಲ್ಲಿ ಕೆಲವರು ಕಟುವಾಗಿಯೇ ಆಕ್ಷೇಪಿಸಿದರು.

ಡರ್ಹಮ್ ಕೆಥೆಡ್ರಲಿನ ತೊಡಕು ಬೇರೊಂದು ಬಗೆಯದು. 1093ರಲ್ಲಿ ಅಸ್ತಿಭಾರ ಹಾಕಿ, ಸುಮಾರು 40 ವರ್ಷಗಳಲ್ಲಿ ಅದರ ಮುಖ್ಯ ಭಾಗವನ್ನು ಮುಗಿಸಿದರು. ವಿಯರ್ ನದಿಯ ಬಳಸಿನಲ್ಲಿ, ಕಡಿದಾದ ಬೆಟ್ಟದ ಮೇಲೆ ನಿಂತಿರುವ ಈ ಕಟ್ಟಡವು ಒಂದೇ ನೋಟಕ್ಕೆ ಒಳಗಾಗುವಂತಹುದಲ್ಲ. ಭಾಗ ಭಾಗವಾಗಿ ಕಂಡದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವುದು ದೊಡ್ಡವರಿಗೂ ಕಷ್ಟ. 2013ರಲ್ಲಿ ಅಲ್ಲಿ ಲೆಗೊ ಇಟ್ಟಿಗೆಗಳಿಂದ ಕೆಥೆಡ್ರಲಿನ ಪ್ರತಿರೂಪವನ್ನು ಕಟ್ಟಲಾರಂಭಿಸಿದರು. ಇಟ್ಟಿಗೆಯೊಂದಕ್ಕೆ ಒಂದು ಪೌಂಡಿನಂತೆ ಕೊಟ್ಟು ಬಂದವರು ತಮ್ಮ ಕೈಯಿಂದಲೇ ಇಡಬಹುದಾಗಿದ್ದಿತು. ಉಳಿದ ಕೆಲಸವನ್ನು ಸ್ವಯಂಸೇವಕರು ನಕ್ಷೆ ನೋಡಿ ಪೂರೈಸಿದರು. 2016ರಲ್ಲಿ ಮುಗಿದಾಗ ಅದರಲ್ಲಿ 3,00,000 ಇಟ್ಟಿಗೆಗಳಿದ್ದು, ಉದ್ದವು ನಾಲ್ಕು ಮೀಟರಿಗೆ ತುಸು ಕಡಿಮೆಯಿದ್ದಿತು. ಹೀಗೆ ಸಂದ ಹಣವು ಸಂನ್ಯಾಸಿಗಳ ಹಳೆಯ ಶಯನಶಾಲೆಯಲ್ಲಿಯೂ ಮಧ್ಯಯುಗದ ದೊಡ್ಡ ಅಡುಗೆಮನೆಯಲ್ಲಿಯೂ ಅದೇ ವರ್ಷ ತೆರೆದ ವಸ್ತುಸಂಗ್ರಹಾಲಯಕ್ಕೆ ವಿನಿಯೋಗವಾಯಿತು. ಹಣಕ್ಕಿಂತ ಹೆಚ್ಚಿನದೊಂದು ಲಾಭವೂ ಇದರಿಂದ ಆಯಿತೆನ್ನಬೇಕು: ಇಂತಹ ಕಟ್ಟಡಗಳು ಅಸಂಖ್ಯ ಅಜ್ಞಾತ ಹಸ್ತಗಳ ಸಂಚಿತ ಶ್ರಮವೆಂಬ ಚರಿತ್ರೆಯ ಪಾಠವನ್ನು, ಇಟ್ಟಿಗೆಯಿಟ್ಟ ಮಗುವು ಯಾರ ಉಪನ್ಯಾಸವೂ ಇಲ್ಲದೆ ಗ್ರಹಿಸಿತು.

ಇವೆಲ್ಲ ದೊಡ್ಡ ಸಾಹಸಗಳು. ನಿತ್ಯದ ಕಲಿಕೆಯು ಹೆಚ್ಚಾಗಿ ಚಿಕ್ಕ ಉಪಾಯಗಳಿಂದಲೇ ನಡೆಯುತ್ತದೆ. ಇಬ್ಬರು ಮಕ್ಕಳು ಎದುರುಬದುರಾಗಿ ನಿಂತು, ಅಂಗೈಗೆ ಅಂಗೈ ಕೊಟ್ಟು, ಪರಸ್ಪರ ಒರಗುವರು. ಕಾಲು ಹಿಂದಕ್ಕೆ ಜಾರತೊಡಗಿದೊಡನೆ ಮತ್ತಿಬ್ಬರು ಬೆನ್ನಹಿಂದೆ ಆನಿಸಿ ನಿಲ್ಲುವರು. ಕಮಾನು ತನ್ನ ಭಾರವನ್ನು ಪಕ್ಕಗಳಿಗೆ ಒತ್ತುವುದೆಂಬುದೂ, ಆ ಒತ್ತಡವನ್ನು ತಡೆಯಲು ಗೋಡೆಗೆ ಹೊರಗಿನಿಂದ ಆನಿಕೆ ಬೇಕೆಂಬುದೂ ಎರಡು ನಿಮಿಷಗಳಲ್ಲಿ ದೇಹಕ್ಕೇ ತಿಳಿದುಹೋಗುತ್ತದೆ. ಮಗುವಿನ ಬೆನ್ನಿಗೆ ನಿಂತ ತಂದೆಯೂ, ಬಹುಶಃ ಮೊದಲ ಬಾರಿಗೆ, ಅದನ್ನು ಆಗಲೇ ಕಲಿಯುತ್ತಾನೆ. ಮನೆಮಂದಿಯೆಲ್ಲ ಸೇರಿ ಕಲಿಯುವುದರ ಸ್ವಾರಸ್ಯವಿರುವುದು ಇಲ್ಲಿಯೇ.

ಆಕ್ಷೇಪಿಸಿದವರ ಮಾತನ್ನು ತಳ್ಳಿಹಾಕಲಾಗದು. ಇಂಗ್ಲೆಂಡಿನ ಪ್ರಾಚೀನ ಕೆಥೆಡ್ರಲುಗಳ ಜೀರ್ಣೋದ್ಧಾರಕ್ಕೆ ಅಪಾರ ಹಣ ಬೇಕು. ನಾರಿಚ್ ಮತ್ತು ಡರ್ಹಮ್‌ಗಳಂತೂ ಒಳಗೆ ಬರುವವರಿಂದ ಶುಲ್ಕವನ್ನು ಕಡ್ಡಾಯವಾಗಿ ಪಡೆಯುವುದಿಲ್ಲ. ಜನರನ್ನು ಸೆಳೆಯುವ ಆತುರದಲ್ಲಿ ಎಲ್ಲೆ ಮೀರುವ ಭಯ ಇದ್ದೇ ಇದೆ. ಒಂದು ಪರೀಕ್ಷೆಯನ್ನು ಮಾತ್ರ ಸೂಚಿಸಬಹುದು: ಆಟವು ಕಟ್ಟಡದ ಕಡೆಗೆ ಕಣ್ಣನ್ನು ಒಯ್ಯುವುದೋ, ಕಟ್ಟಡದಿಂದ ಆಚೆಗೆ ಒಯ್ಯುವುದೋ? 2021ರಲ್ಲಿ ಅದೇ ನಾರಿಚಿನ ಮಂಟಪಕ್ಕೆ ಲಂಡನ್ನಿನ ವಸ್ತುಸಂಗ್ರಹಾಲಯದಿಂದ ಬಂದ, 26 ಮೀಟರ್ ಉದ್ದದ ಡೈನೋಸಾರ್ ಅಸ್ಥಿಪಂಜರದ ಪ್ರತಿಕೃತಿಯು ಜೀವವಿಜ್ಞಾನವನ್ನು ಚೆನ್ನಾಗಿ ಬೋಧಿಸಿರಬಹುದು. ಚಾವಣಿಯ ಕಥೆಯನ್ನು ಓದಿಸುವ ಕೆಲಸದಲ್ಲಿ ಜಾರುಬಂಡೆಯೇ ಮೇಲು.

ಕೆಥೆಡ್ರಲು ಜನರಿಗೆ ಕಲಿಸುವುದು ಒಂದಾದರೆ, ಜನರಿಂದ ಅದು ಕಲಿಯುವುದು ಇನ್ನೊಂದು. ಡರ್ಹಮ್ ಪ್ರಾಂತವು ಕಲ್ಲಿದ್ದಲಿನ ನಾಡು. 1871ರಿಂದ ಗಣಿಕಾರ್ಮಿಕರು ಅಲ್ಲಿ ಉತ್ಸವವನ್ನು ನಡೆಸುತ್ತ ಬಂದಿದ್ದಾರೆ. ಡರ್ಹಮಿನ ಬಿಷಪ್ ಹೆನ್ಸನ್ ಕಾರ್ಮಿಕರ ಹೋರಾಟವನ್ನು ಟೀಕಿಸಿದ್ದ ಕಾಲದಲ್ಲಿ, 1925ರ ಉತ್ಸವದಂದು, ಕ್ರುದ್ಧ ಜನರು ಕೆಥೆಡ್ರಲಿನ ಮುಖ್ಯ ಪಾದ್ರಿಯಾದ ಡೀನ್ ವೆಲ್ಡನ್ನರನ್ನೇ ಬಿಷಪ್ಪನೆಂದು ಭ್ರಮಿಸಿ ನದಿಗೆ ನೂಕಲು ಹೊರಟರು. ಹಿಂದೆ ಕಲ್ಕತ್ತೆಯ ಬಿಷಪ್ಪರಾಗಿದ್ದ ಆ ಹಿರಿಯರನ್ನು ಪೊಲೀಸರು ಪಾರುಮಾಡಬೇಕಾಯಿತು. ಅಂತಹ ವೈಷಮ್ಯವಿದ್ದ ಊರಿನಲ್ಲಿ, ಇಂದು ಉತ್ಸವದ ಅಪರಾಹ್ನ ಊರೂರ ಗಣಿಗಳ ಧ್ವಜಗಳು ವಾದ್ಯಮೇಳದೊಡನೆ ಕೆಥೆಡ್ರಲನ್ನು ಪ್ರವೇಶಿಸುತ್ತವೆ. ಹೊಸದಾಗಿ ಮಾಡಿಸಿದ ಧ್ವಜಗಳಿಗೆ ಅಲ್ಲಿ ಆಶೀರ್ವಾದ ದೊರೆಯುತ್ತದೆ. ಗಣಿಗಳು ಮುಚ್ಚಿ ಒಂದು ತಲೆಮಾರೇ ಕಳೆದಿದ್ದರೂ ಈ ಪದ್ಧತಿ ನಿಂತಿಲ್ಲ. ಅಜ್ಜನ ಗಣಿಯ ಹೆಸರನ್ನು ಮೊಮ್ಮಗನು ಧ್ವಜದ ಮೇಲೆ ಓದುವ ಆ ಕಾರ್ಯಕ್ರಮಕ್ಕೆ ಪಾಠಪಟ್ಟಿಯಿಲ್ಲ, ಸೂಚನಾಫಲಕವಿಲ್ಲ. ಕುಟುಂಬವು ಕೂಡಿ ಕಲಿಯುವುದಕ್ಕೆ ಇದಕ್ಕಿಂತ ಉತ್ತಮವಾದ ಮಾದರಿಯನ್ನು ನಾನು ಕಾಣೆನು.