ಬೀಗ ಹಾಕಿದ ವರದಿ

2014ರ ಮಾರ್ಚ್‌ನಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಎಂಬ ಹಿರಿಯ ಪತ್ರಕರ್ತ ಒಂದಷ್ಟು ಹಳೆಯ ಹಾಳೆಗಳನ್ನು ತಮ್ಮ ಜಾಲತಾಣಕ್ಕೆ ಏರಿಸಿದರು. 1962ರಲ್ಲಿ ಚೀನಾದೆದುರು ನಾವು ಸೋತದ್ದೇಕೆ ಎಂದು ನಮ್ಮ ಸೇನೆಯೇ ಬರೆದಿಟ್ಟ ವರದಿಯ ಪುಟಗಳವು. ಆಗ ಲೋಕಸಭಾ ಚುನಾವಣೆಯ ಕಾವು. ವಿರೋಧ ಪಕ್ಷದಲ್ಲಿದ್ದ ಅರುಣ್ ಜೇಟ್ಲಿ, ಇಂಥ ಕಾಗದಗಳನ್ನು ಕೊನೆಯಿಲ್ಲದೆ ಮುಚ್ಚಿಡುವುದು ಸರಿಯಲ್ಲ ಎಂದು ಬರೆದರು. ಜುಲೈ ಹೊತ್ತಿಗೆ ರಕ್ಷಣಾ ಸಚಿವರಾಗಿದ್ದ ಅವರೇ ರಾಜ್ಯಸಭೆಗೆ ಉತ್ತರ ಕೊಟ್ಟರು: ವರದಿ ಬಹಿರಂಗ ಮಾಡುವುದು ರಾಷ್ಟ್ರಹಿತಕ್ಕೆ ಸಲ್ಲದು. ಕಾಂಗ್ರೆಸ್ಸಿನ ಎ.ಕೆ. ಆಂಟನಿ 2010ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಮತ ಕೇಳುವಾಗ ಗಡಿಯ ಬಗ್ಗೆ ಗಂಟಲು ಹರಿಯುವಂತೆ ಕೂಗಿ, ಗೆದ್ದ ಮೇಲೆ ಗಡಿಯ ಪ್ರಶ್ನೆ ಎತ್ತಬೇಡಿ ಎನ್ನುವ ಈ ರೂಢಿ ಹುಟ್ಟಿದ್ದು ಎಲ್ಲಿ ಎಂದು ಹುಡುಕಿದರೆ 1950ರ ದಶಕಕ್ಕೆ ಹೋಗಬೇಕು.

1954ರ ಏಪ್ರಿಲ್‌ನಲ್ಲಿ ಚೀನಾದೊಂದಿಗೆ ಟಿಬೆಟ್ ಕುರಿತ ಒಪ್ಪಂದಕ್ಕೆ ಭಾರತ ಸಹಿ ಹಾಕಿತು. ಪಂಚಶೀಲ ಹುಟ್ಟಿದ್ದು ಅದರಲ್ಲೇ. ಮೂರು ವರ್ಷದ ನಂತರ, ಭಾರತ ತನ್ನದೆನ್ನುವ ಅಕ್ಸಾಯ್ ಚಿನ್ ಮೂಲಕ ರಸ್ತೆ ಕಡಿದು ಮುಗಿಸಿದ್ದಾಗಿ ಚೀನಾ ತಾನೇ ಸಾರಿತು. ನಮ್ಮ ಸರ್ಕಾರ 1958ರಲ್ಲಿ ಸದ್ದಿಲ್ಲದೆ ಪ್ರತಿಭಟನಾ ಪತ್ರ ಕಳಿಸಿತು. ಸಂಸತ್ತಿಗೆ ವಿಷಯ ಅಧಿಕೃತವಾಗಿ ತಿಳಿದದ್ದು 1959ರ ಆಗಸ್ಟ್ ಕೊನೆಯಲ್ಲಿ. ನೆಹರೂ ತಮ್ಮ ಜನರನ್ನು ನಂಬುತ್ತಿದ್ದ ನಾಯಕರು, ಸದನದಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದವರು. ಆದರೂ ವಿದೇಶಾಂಗದ ಖಾತೆ ಅವರ ಸ್ವಂತದ್ದೇ ಆಗಿತ್ತು. ಪ್ರಧಾನಿಯಾಗಿದ್ದಷ್ಟು ಕಾಲ ಅದನ್ನು ಅವರು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಆ ಪ್ರದೇಶದಲ್ಲಿ ಒಂದು ಹುಲ್ಲುಕಡ್ಡಿಯೂ ಬೆಳೆಯುವುದಿಲ್ಲ ಎಂದು ಅವರು ಸದನದಲ್ಲಿ ಹೇಳಿದ್ದು, ಅದಕ್ಕೆ ಅವರದೇ ಪಕ್ಷದ ಮಹಾವೀರ ತ್ಯಾಗಿ ತಮ್ಮ ಬೋಳುತಲೆ ಮುಟ್ಟಿ ತೋರಿಸಿ ಉತ್ತರ ಕೊಟ್ಟದ್ದು ಇಂದಿಗೂ ಓಡಾಡುವ ಕಥೆ.

ಅದೇ ಆಗಸ್ಟ್ 31ರಂದು ಇನ್ನೊಂದು ಘಟನೆ ನಡೆಯಿತು. ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ರಾಜೀನಾಮೆ ಪತ್ರ ಬರೆದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗೆ ಕೆಲಸ ಮಾಡುವುದು ಅಸಾಧ್ಯವಾಗಿತ್ತು. ನೆಹರೂ ಸಮಾಧಾನ ಹೇಳಿ ಪತ್ರ ಹಿಂದಕ್ಕೆ ತೆಗೆಸಿದರು. ಎರಡು ದಿನದ ಬಳಿಕ ಸಂಸತ್ತಿನಲ್ಲಿ ಅದನ್ನು ಸ್ವಭಾವಗಳ ತಿಕ್ಕಾಟವೆಂದು ಹಗುರ ಮಾಡಿ, ಜನರಲ್ ಅವರ ನಡೆಯನ್ನೇ ಆಕ್ಷೇಪಿಸಿದರು. ತಿಮ್ಮಯ್ಯ 1961ರಲ್ಲಿ ನಿವೃತ್ತರಾಗಿ ಮಡಿಕೇರಿಗೆ ಮರಳಿದರು. ಅವರ ‘ಸನ್ನಿಸೈಡ್’ ಮನೆ ಈಗ ವಸ್ತುಸಂಗ್ರಹಾಲಯ. ಕೊಡಗಿಗೆ ಹೋದವರು ಯುದ್ಧ ಟ್ಯಾಂಕಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಪತ್ರದ ಬಗ್ಗೆಯೂ ಕೇಳಿಕೊಂಡು ಬಂದರೆ ಒಳ್ಳೆಯದಿತ್ತು.

1961ರ ನವೆಂಬರ್‌ನಲ್ಲಿ, ಚೀನೀಯರ ಠಾಣೆಗಳ ನಡುವೆ, ಅವುಗಳ ಆಚೆಗೂ ನಮ್ಮ ಪುಟ್ಟ ಪುಟ್ಟ ಠಾಣೆಗಳನ್ನು ಹಾಕುತ್ತ ಹೋಗುವ ‘ಮುನ್ನಡೆ ನೀತಿ’ ತೀರ್ಮಾನವಾಯಿತು. ಚೀನೀಯರು ಬಲ ಪ್ರಯೋಗಿಸಲಾರರು ಎಂಬ ಗುಪ್ತಚರ ದಳದ ಊಹೆಯೇ ಅದಕ್ಕೆ ಆಧಾರ. ಇದಕ್ಕೆ ಬೇಕಾದ ಸೈನ್ಯಬಲ ತಮ್ಮಲ್ಲಿಲ್ಲ ಎಂದು ಪಶ್ಚಿಮ ಕಮಾಂಡಿನ ಅಧಿಕಾರಿಗಳು ಎಚ್ಚರಿಸಿದ್ದರು. 1962ರ ಅಕ್ಟೋಬರ್ 20ರಂದು ಯುದ್ಧ ಸಿಡಿಯಿತು, ನವೆಂಬರ್ 21ಕ್ಕೆ ಚೀನಾ ತಾನಾಗಿಯೇ ಕದನವಿರಾಮ ಸಾರಿತು.

ನೆಹರೂ ಕಾಲದ ಒಂದು ಸಂಗತಿಯನ್ನು ಮಾತ್ರ ಒಪ್ಪಲೇಬೇಕು. ಯುದ್ಧ ನಡೆಯುತ್ತಿರುವಾಗಲೇ ಅಧಿವೇಶನ ಕರೆಯಿರಿ ಎಂದು ಜನಸಂಘದ ಯುವ ರಾಜ್ಯಸಭಾ ಸದಸ್ಯ ಅಟಲ್ ಬಿಹಾರಿ ವಾಜಪೇಯಿ ಒತ್ತಾಯಿಸಿದರು. ನವೆಂಬರ್ 8ಕ್ಕೆ ಸದನ ಸೇರಿತು. ಬಾಗಿಲು ಮುಚ್ಚಿ ಚರ್ಚಿಸೋಣವೆಂಬ ಸಲಹೆಯನ್ನು ನೆಹರೂ ಒಪ್ಪಲಿಲ್ಲ. ಲೋಕಸಭೆಯಲ್ಲಿ 165 ಮಂದಿ ಮಾತಾಡಿದರು. ಪ್ರಧಾನಿ ಕೂತು ಬೈಸಿಕೊಂಡರು. ಅಷ್ಟರಲ್ಲಿ ಮೆನನ್ ಸಂಪುಟದಿಂದಲೇ ಹೊರಹೋಗಿದ್ದರು.

ಜನರ ಸಿಟ್ಟಿಗೆ ಒಬ್ಬ ಸಚಿವ ಸಿಕ್ಕಿದ್ದ. ನೀತಿ ಮಾತ್ರ ಯಾರ ಕೈಗೂ ಸಿಗಲಿಲ್ಲ, ಸಿಗದಂತೆ ನೋಡಿಕೊಂಡದ್ದು ತನಿಖೆಯೇ. ಡಿಸೆಂಬರ್‌ನಲ್ಲಿ ಹೊಸ ಸೇನಾ ಮುಖ್ಯಸ್ಥ ಜನರಲ್ ಜೆ.ಎನ್. ಚೌಧುರಿ, ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪ್ರೇಮೀಂದ್ರ ಸಿಂಗ್ ಭಗತ್ ಅವರನ್ನು ತನಿಖೆಗೆ ನೇಮಿಸಿದರು. ಅವರು ನೋಡಬೇಕಿದ್ದದ್ದು ತರಬೇತಿ, ಸಲಕರಣೆ, ಕಮಾಂಡ್ ವ್ಯವಸ್ಥೆ, ಸೈನಿಕರ ದೇಹದಾರ್ಢ್ಯ, ದಂಡನಾಯಕರ ಯೋಗ್ಯತೆ ಇಷ್ಟನ್ನೇ. ಸೇನಾ ಮುಖ್ಯಾಲಯದ ಒಳಗಿನ ಕಾರ್ಯವೈಖರಿಗೆ ಕೈ ಹಾಕಬೇಡಿ ಎಂಬ ಸೂಚನೆ ಬೇರೆ. ಸಚಿವಾಲಯದ ಕಡತಗಳಂತೂ ದೂರವೇ ಉಳಿದವು. ಕಳ್ಳತನವಾದ ಮನೆಯಲ್ಲಿ ಕಾವಲುಗಾರನ ಬೂಟು ಮಾತ್ರ ಪರೀಕ್ಷಿಸಿ ಎಂದ ಹಾಗೆ! ಇಬ್ಬರೂ ಪ್ರಾಮಾಣಿಕರು. ಕೊಟ್ಟ ಕಿಂಡಿಯಲ್ಲೇ ಇಣುಕಿ, ಮುನ್ನಡೆ ನೀತಿಗೂ ಸೇನೆಯ ಶಕ್ತಿಗೂ ತಾಳೆಯಿರಲಿಲ್ಲ ಎಂದು ಬರೆದರು.

1963ರಲ್ಲಿ ವರದಿ ಸರ್ಕಾರದ ಕೈ ಸೇರಿತು. ಆ ವರ್ಷವೇ ಉಪಚುನಾವಣೆಗಳಲ್ಲಿ ವಿರೋಧಿ ಪಾಳಯದ ಕೃಪಲಾನಿ, ಲೋಹಿಯಾ, ಮಿನೂ ಮಸಾನಿ ಗೆದ್ದು ಲೋಕಸಭೆಗೆ ಬಂದಿದ್ದರು. ಆಗಸ್ಟ್‌ನಲ್ಲಿ ಕೃಪಲಾನಿ ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ನಿರ್ಣಯ ಮಂಡಿಸಿದರು. ಪರವಾಗಿ ಬಿದ್ದದ್ದು 62 ಮತ, ವಿರುದ್ಧ 347. ಸೆಪ್ಟೆಂಬರ್ 2ರಂದು ರಕ್ಷಣಾ ಸಚಿವ ಯಶವಂತರಾವ್ ಚವಾಣ್ ವರದಿಯ ಬದಲು ಒಂದು ಹೇಳಿಕೆ ಓದಿದರು. ಎಂಥ ದೊಡ್ಡ ಸೇನೆಗೂ ಸರ್ಕಾರದಿಂದ ಸರಿಯಾದ ನೀತಿ ನಿರ್ದೇಶನ ಬೇಕು, ಅದು ಸೇನೆಯ ಗಾತ್ರಕ್ಕೂ ಸಲಕರಣೆಗೂ ಹೊಂದುವಂತಿರಬೇಕು ಎಂಬ ಮಾತು ಅದರಲ್ಲಿ ನುಸುಳಿತ್ತು. ಸರ್ಕಾರದ ಬಾಯಿಂದ ಬಂದ ತಪ್ಪೊಪ್ಪಿಗೆ ಅಷ್ಟೇ. ಮಾಹಿತಿ ಹಕ್ಕಿನಡಿ ಪತ್ರಕರ್ತ ಕುಲದೀಪ್ ನಯ್ಯರ್ ವರದಿ ಕೇಳಿದಾಗ, 2009ರಲ್ಲಿ ಕೇಂದ್ರ ಮಾಹಿತಿ ಆಯೋಗವೂ ಕೊಡಲಾಗದು ಎಂದಿತು.

ಗಡಿ, ವಿದೇಶಾಂಗದ ವಿಷಯಗಳನ್ನು ಸಂಸತ್ತಿನಿಂದ ದೂರ ಇಡುವುದಕ್ಕೆ ಕಾನೂನಿನ ಒತ್ತಾಸೆಯೂ ಇದೆ. ವಿದೇಶಿ ಒಪ್ಪಂದಗಳಿಗೆ ಸಂಸತ್ತಿನ ಒಪ್ಪಿಗೆ ಕಡ್ಡಾಯ ಎನ್ನುವ ಶಾಸನವನ್ನು ನಾವು ಮಾಡಿಕೊಂಡೇ ಇಲ್ಲ. ಹಾಗಾಗಿ ಇಂಥ ವಿಷಯಗಳ ಚರ್ಚೆ ಆಳುವವರ ಮರ್ಜಿಗೆ ಬಿಟ್ಟದ್ದು. ಕಾರ್ಗಿಲ್ ಯುದ್ಧದ ಹೊತ್ತಿಗೆ ಲೋಕಸಭೆ ವಿಸರ್ಜನೆಯಾಗಿತ್ತು, ರಾಜ್ಯಸಭೆಯನ್ನಾದರೂ ಕರೆಯಿರಿ ಎಂದು ಕಾಂಗ್ರೆಸ್ ಕೇಳಿತು. ಒಪ್ಪದ ಪ್ರಧಾನಿ ಯಾರು? ವಾಜಪೇಯಿ. ಆದರೆ ಕಾರ್ಗಿಲ್ ಕುರಿತು ಅವರ ಸರ್ಕಾರವೇ ನೇಮಿಸಿದ ಕೆ. ಸುಬ್ರಹ್ಮಣ್ಯಂ ಸಮಿತಿಯ ವರದಿ, ಕೆಲವು ಭಾಗ ತೆಗೆದ ಬಳಿಕ, 2000ರಲ್ಲಿ ಸದನದ ಮುಂದೆ ಬಂತು.

2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ಚೀನೀಯರೊಂದಿಗಿನ ಘರ್ಷಣೆಯಲ್ಲಿ ನಮ್ಮ 20 ಯೋಧರು ಸತ್ತರು. ನಮ್ಮ ಗಡಿಯೊಳಗೆ ಯಾರೂ ಬಂದಿಲ್ಲ ಎಂದು ಪ್ರಧಾನಿ ನರೇಂದ್ರ ಮೋದಿ ಸರ್ವಪಕ್ಷ ಸಭೆಗೆ ಹೇಳಿದರು. ಮರುದಿನ ಅವರ ಕಚೇರಿಯೇ ಆ ಮಾತಿಗೆ ವಿವರಣೆ ಕೊಡಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಲೋಕಸಭೆಗೆ ಸಿಕ್ಕಿದ್ದು ರಕ್ಷಣಾ ಸಚಿವರ ಹೇಳಿಕೆ ಮಾತ್ರ. 2022ರ ಡಿಸೆಂಬರ್‌ನಲ್ಲಿ ಚೀನೀಯರೊಂದಿಗೆ ನಡೆದ ತವಾಂಗ್ ಘರ್ಷಣೆಯ ಬಗ್ಗೆ ಚರ್ಚೆ ಕೇಳಿದ ಕಾಂಗ್ರೆಸ್ ನಾಯಕ ಅಧೀರ್ ರಂಜನ್ ಚೌಧರಿ, 1962ರಲ್ಲಿ 165 ಸದಸ್ಯರು ಮಾತಾಡಿದ್ದನ್ನು ನೆನಪಿಸಿದರು. ಅವಕಾಶ ಸಿಗಲಿಲ್ಲ, ವಿರೋಧ ಪಕ್ಷದವರು ಹೊರನಡೆದರು. ನನ್ನ ಕೇಳಿದರೆ ಆ ಉದಾಹರಣೆ ಕೊಡುವ ಹಕ್ಕು ಕಾಂಗ್ರೆಸ್ಸಿಗೆ ಅರ್ಧ ಮಾತ್ರ ಇದೆ: 1962ರಲ್ಲಿ ಸದನ ಕರೆದದ್ದೂ ಅದೇ ಪಕ್ಷ, ಮರುವರ್ಷ ವರದಿ ಮುಚ್ಚಿದ್ದೂ ಅದೇ ಪಕ್ಷ. ಬಿಜೆಪಿಗೆ ಆ ಅರ್ಧವೂ ಇಲ್ಲ.