ಬೈಪಾಸ್ ಆದ ಎದೆಗೆ ಮತ್ತೆ ಕತ್ತರಿ! ಹಳೆ ಕಾಗದ ಬಿಸಾಡಬೇಡಿ

ಮುಡಬಿ: “ಒಮ್ಮಿ ಎದಿ ಸೀಳಿ ಬೈಪಾಸ್ ಮಾಡ್ಯಾರ, ಇನ್ನೇನ್ ಹೆದ್ರಿಕಿ?” ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇಂಥ ಮಾತು ಹೊಸದಲ್ಲ. ಆದರೆ ಈ ಧೈರ್ಯವೇ ಜೀವಕ್ಕೆ ಎರವಾಗಬಹುದು.

ಬೈಪಾಸ್ ಅಂದರೇನು? ಊರೊಳಗಿನ ರಸ್ತೆ ಕಟ್ಟಿಕೊಂಡರೆ ಬಸ್ಸನ್ನು ಹೊರಗಿನಿಂದ ಬಿಡುತ್ತಾರಲ್ಲ, ಹಾಗೆ. ಹೃದಯದ ರಕ್ತನಾಳ ಕಟ್ಟಿದಾಗ ಕಾಲಿನದೋ ಎದೆಯದೋ ನಾಳ ಜೋಡಿಸಿ ರಕ್ತಕ್ಕೆ ಬೇರೆ ದಾರಿ ಮಾಡುತ್ತಾರೆ. ದಾರಿ ಬದಲಾಯಿತೇ ಹೊರತು ರೋಗ ಹೋಗಲಿಲ್ಲ. ಹೊಸ ದಾರಿಯೂ ಕೆಡುತ್ತದೆ. ಕಾಲಿನಿಂದ ತೆಗೆದ ನಾಳಗಳಲ್ಲಿ ಸುಮಾರು ಅರ್ಧದಷ್ಟು 10 ವರ್ಷದೊಳಗೆ ಕಟ್ಟಿಕೊಳ್ಳುತ್ತವೆ ಇಲ್ಲವೇ ಸಣ್ಣಗಾಗುತ್ತವೆ. ಎದೆಗೂಡಿನ ಒಳಗಿನ ನಾಳ ಗಟ್ಟಿ. 10ರಲ್ಲಿ 9 ಆಗಲೂ ಚೆನ್ನಾಗಿರುತ್ತವೆ.

ಎರಡನೇ ಆಪರೇಷನ್ ಯಾಕೆ ಕಷ್ಟ? ಮೊದಲ ಗಾಯ ಮಾಯುವಾಗ ಹೃದಯ ಎದೆಮೂಳೆಯ ಹಿಂಬದಿಗೆ ಅಂಟಿಕೊಂಡಿರುತ್ತದೆ. ಮೂಳೆ ಕೊಯ್ಯುವ ಗರಗಸ ಒಂದಿಷ್ಟು ಆಳಕ್ಕೆ ಹೋದರೂ ಹೃದಯಕ್ಕೋ ಹಳೆ ನಾಳಕ್ಕೋ ಪೆಟ್ಟು! ಅದಕ್ಕೇ ಮೊದಲು ಸಿಟಿ ಸ್ಕ್ಯಾನ್ ಮಾಡಿ ಯಾವುದು ಎಲ್ಲಿದೆ ಎಂದು ನೋಡುತ್ತಾರೆ. ರಕ್ತಸ್ರಾವವಾದರೆ ತೊಡೆಸಂದಿಯ ನಾಳದಿಂದಲೇ ಹಾರ್ಟ್-ಲಂಗ್ ಮೆಷಿನ್ ಜೋಡಿಸಲು ಸಿದ್ಧವಾಗಿರುತ್ತಾರೆ. ಅಂಟಿದ್ದನ್ನು ನಿಧಾನವಾಗಿ ಬಿಡಿಸುತ್ತಾರೆ. ಹಳೆ ನಾಳವನ್ನು ಅಲುಗಾಡಿಸುವಂತಿಲ್ಲ. ಒಳಗಿನ ಕೊಳೆ ಜಾರಿ ಹೃದಯಕ್ಕೆ ಹೋದೀತು. ಹೊಸ ನಾಳವನ್ನು ಎದೆಯ ಇನ್ನೊಂದು ಬದಿಯಿಂದಲೋ ಮುಂಗೈಯಿಂದಲೋ ಹುಡುಕಬೇಕು.

ಹೀಗಾಗಿ ಜೀವಾಪಾಯ ಮೊದಲ ಸಲಕ್ಕಿಂತ ಎರಡು ಮೂರು ಪಟ್ಟು ಹೆಚ್ಚು. ಸ್ಟೆಂಟ್ ಹಾಕಿ ಮುಗಿಯುವಂತಿದ್ದರೆ ಡಾಕ್ಟರು ಮೊದಲು ಅದನ್ನೇ ನೋಡುತ್ತಾರೆ.

ಹಾಗಂತ ಎರಡನೇ ಬೈಪಾಸ್ ಅಂದರೆ ಕಥೆ ಮುಗಿಯಿತು ಎಂದಲ್ಲ. ದೇಶವೇ ನೋಡಿದ ಉದಾಹರಣೆ ಇದೆ. ಮನಮೋಹನ್ ಸಿಂಗ್ ಅವರಿಗೆ ಮೊದಲ ಬೈಪಾಸ್ ಆಗಿದ್ದು 1990ರಲ್ಲಿ. ಪ್ರಧಾನಿಯಾಗಿದ್ದಾಗಲೇ 2009ರ ಜನವರಿ 24ರಂದು ದೆಹಲಿಯ ಏಮ್ಸ್‌ನಲ್ಲಿ ಎರಡನೆಯದು. ಮುಂಬೈಯ ಡಾ. ರಮಾಕಾಂತ್ ಪಾಂಡಾ ಅವರ ತಂಡ ಐದು ನಾಳ ಜೋಡಿಸಿತು. ಆಗ ಅವರಿಗೆ 76 ವರ್ಷ. ಅದೇ ಮೇ ತಿಂಗಳಲ್ಲಿ ಮತ್ತೆ ಪ್ರಧಾನಿಯಾದರು. 2024ರ ಡಿಸೆಂಬರ್‌ವರೆಗೆ, 92 ವರ್ಷ ಬದುಕಿದರು.

ಪ್ರಧಾನಿಯ ಮಾತು ಬೇರೆ, ನಮ್ಮ ಗತಿ ಏನು ಅಂತೀರಾ? ನಮ್ಮ ಕಡೆಯವರು ಒಮ್ಮೆ ಸೊಲ್ಲಾಪುರಕ್ಕೆ, ಇನ್ನೊಮ್ಮೆ ಹೈದರಾಬಾದಿಗೆ ಹೋಗುವವರು. ಈಗ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಎಲ್ಲಿಗೇ ಹೋಗಿ, ಮೊದಲ ಆಪರೇಷನ್ನಿನ ಕಾಗದ ಜೊತೆಗಿರಲಿ. ಯಾವ ನಾಳ ಎಲ್ಲಿಂದ ತೆಗೆದರು, ಎಲ್ಲಿಗೆ ಜೋಡಿಸಿದರು ಎಂಬುದು ಅದರಲ್ಲಿರುತ್ತದೆ. ಹೊಸ ಡಾಕ್ಟರಿಗೆ ಅದೇ ನಕ್ಷೆ. ಹೊಲದ ಪಹಣಿ ಜೋಪಾನ ಮಾಡುವವರು ಈ ಕಾಗದವನ್ನು ಇಲಿಗೆ ಬಿಡಬಾರದು.

ಆರಾಮ ಅನಿಸಿತೆಂದು ರಕ್ತ ತೆಳುವಾಗಿಸುವ ಗುಳಿಗೆ, ಕೊಬ್ಬಿನ ಗುಳಿಗೆಗಳನ್ನು ಡಾಕ್ಟರಿಗೆ ಕೇಳದೆ ನಿಲ್ಲಿಸಬೇಡಿ. ಬೀಡಿ, ತಂಬಾಕು ಬಿಡಿ. ಸಕ್ಕರೆ, ಬಿ.ಪಿ. ಹತೋಟಿಯಲ್ಲಿರಲಿ. ಬೈಪಾಸ್ ಆದವರಿಗೆ ಮತ್ತೆ ಎದೆ ಹಿಡಿದರೆ, ಬೆವರು ಬಂದರೆ, “ಗ್ಯಾಸ್ ಆಗ್ಯಾದ” ಎಂದು ಸೋಡಾ ಕುಡಿಸಿ ಕೂರಿಸಬೇಡಿ. ಬಸ್ಸಿಗೂ ಕಾಯಬೇಡಿ. ತಕ್ಷಣ 108ಕ್ಕೆ ಫೋನು ಮಾಡಿ, ಕಾಗದದ ಚೀಲ ಎತ್ತಿಕೊಳ್ಳಿ.