ಚಾದ ಜೊತೆ ಸಿಗರೇಟು: ನಷ್ಟ ಯಾರಿಗೆ?

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬಿಡುವ ಹೊತ್ತಿಗೆ ಚಾದಂಗಡಿಗಳ ಮುಂದೆ ಗಿರಾಕಿ ಕೂಡುತ್ತಾರೆ. "ಕಾಕಾ, ಒಂದ್ ಚಹಾ, ಒಂದ್ ಸಿಗರೇಟ್ ಕೊಡ್ರಿ." ಎರಡೂ ಒಂದೇ ಉಸಿರಿನಲ್ಲಿ. ಕರಾವಳಿ ಬಿಟ್ಟು ಘಟ್ಟದ ಮೇಲೆ ಹೋಟೆಲ್, ಬೇಕರಿ ಇಟ್ಟುಕೊಂಡ ನಮ್ಮವರಿಗೆ ಇದು ದಿನಾ ಕೇಳುವ ಮಾತು. ಇಂಥ ಅಂಗಡಿಗಳಲ್ಲಿ ದಾರಕ್ಕೆ ಕಟ್ಟಿದ ಲೈಟರೊಂದು ತೂಗಾಡುತ್ತಿರುವುದೂ ಹೊಸತಲ್ಲ.

ಆ ಲೈಟರೇ ಕಾನೂನಿಗೆ ವಿರುದ್ಧ ಅಂತ ಎಷ್ಟು ಮಂದಿಗೆ ಗೊತ್ತು? 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ ಹೋಟೆಲು, ಕ್ಯಾಂಟೀನುಗಳಲ್ಲಿ ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಯಾವುದನ್ನೂ ಇಡುವಂತಿಲ್ಲ. ಸೇದದಂತೆ ನೋಡಿಕೊಳ್ಳುವ ಹೊಣೆಯೂ ಮಾಲೀಕನದೇ. 2025ರ ಮೇ ತಿಂಗಳಲ್ಲಿ ರಾಜ್ಯದ ತಿದ್ದುಪಡಿ ಬಂದ ಮೇಲೆ ದಂಡ 200 ರೂಪಾಯಿಯಿಂದ 1,000ಕ್ಕೆ ಏರಿದೆ. 21 ವರ್ಷ ತುಂಬದವರಿಗೆ ಮಾರುವಂತಿಲ್ಲ, ಪ್ಯಾಕೆಟ್ ಒಡೆದು ಒಂದೊಂದೇ ಮಾರುವಂತಿಲ್ಲ. ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು.

30 ಆಸನದ ರೆಸ್ಟೋರೆಂಟಿಗೆ ಸೇದುವವರಿಗಾಗಿ ಬೇರೆ ಜಾಗ ಮಾಡಿಕೊಳ್ಳಲು ಅವಕಾಶವಿದೆ. ಎರಡು ಬೆಂಚಿನ ಚಾದಂಗಡಿಗೆ ಅದಿಲ್ಲ. ಸಾವಿರ ರೂಪಾಯಿ ಅಂದರೆ ಅದೆಷ್ಟು ಲೋಟ ಚಾ ಮಾರಬೇಕು, ನೀವೇ ಲೆಕ್ಕ ಹಾಕಿ.

ಹೋಟೆಲಲ್ಲಿ ಸಿಗರೇಟು ನಿಲ್ಲಿಸಿದರೆ ವ್ಯಾಪಾರ ಬೀಳುತ್ತದೆ ಎಂಬ ಭಯ ಬೇರೆ ದೇಶಗಳಲ್ಲೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹಲವು ದೇಶಗಳ ಅಧ್ಯಯನಗಳನ್ನು ನೋಡಿ, ಹೋಟೆಲುಗಳ ವ್ಯಾಪಾರ ಇದರಿಂದ ಕುಸಿಯುವುದಿಲ್ಲ ಎಂದು 2009ರಲ್ಲೇ ಹೇಳಿದೆ. ಆದರೆ ಅದು ಊಟ-ತಿಂಡಿಯ ಲೆಕ್ಕ. ಸಿಗರೇಟಿಗೆಂದೇ ಬಂದು ಚಾ ಕುಡಿದು ಹೋಗುವ ಗಿರಾಕಿಯ ಕತೆ ಬೇರೆ. ನಾವೊಬ್ಬರೇ ನಿಲ್ಲಿಸಿದರೆ ಅವನು ಪಕ್ಕದ ಗೂಡಂಗಡಿಗೆ ಹೋಗುತ್ತಾನೆ, ಚಾವನ್ನೂ ಅಲ್ಲೇ ಕುಡಿಯುತ್ತಾನೆ. ಇಡೀ ಸಾಲು ನಿಲ್ಲಿಸಿದರೆ ಯಾರ ಗಿರಾಕಿಯೂ ಎಲ್ಲಿಗೂ ಹೋಗುವುದಿಲ್ಲ, ಚಾ ಬೇಕಾದವನಿಗೆ ಚಾ ಬೇಕೇ ಬೇಕು. ತಪಾಸಣೆಗೆ ಬರುವವರು ಒಂದು ಅಂಗಡಿಗೆ ದಂಡ ಹಾಕಿ ಇನ್ನೊಂದನ್ನು ಬಿಟ್ಟು ಹೋದರೆ ಪೆಟ್ಟು ಬೀಳುವುದು ಕಾನೂನು ಪಾಲಿಸಿದವನಿಗೇ.

ಬೀಡಿ ಕಟ್ಟಿದ ದುಡ್ಡಿನಲ್ಲೇ ಒಲೆ ಉರಿದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಹಾಗಾಗಿ ಈ ವ್ಯಾಪಾರವನ್ನು ಹಗುರವಾಗಿ ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಗಿರಾಕಿ ಸೇದುವುದು ಐದು ನಿಮಿಷ. ಅದೇ ಹೊಗೆಯನ್ನು ಬೆಳಗಿನಿಂದ ರಾತ್ರಿವರೆಗೆ ಕುಡಿಯುವವರು ಗಲ್ಲಾದ ಮೇಲಿರುವ ಕಾಕ ಮತ್ತು ಲೋಟ ತೊಳೆಯುವ ಹುಡುಗ.

ಅಂಗಡಿ ಇರುವವರು ಸದ್ಯಕ್ಕೆ ಲೈಟರ್ ತೆಗೆದಿಡಿ. ಬಾಗಿಲಲ್ಲಿ 'ಧೂಮಪಾನ ನಿಷೇಧ' ಬೋರ್ಡು ಇರಲಿ. ಅಳತೆ ಕನಿಷ್ಠ 60 ಸೆಂ.ಮೀ.ಗೆ 30 ಸೆಂ.ಮೀ., ಕನ್ನಡದಲ್ಲೇ ಬರೆಸಬಹುದು.